ಕಿಲುಬು

ಕುತಾಯಿಸಿಯ ಈ ಒಂಬತ್ತು ಮಹಡಿಯ ಕಟ್ಟಡದಲ್ಲಿ
ಲಿಫ್ಟಿಗೊಂದು ಬಾಯಿದೆ, ಚಿಲ್ಲರೆ ತಿನ್ನುವ ಬಾಯಿ.
ಹತ್ತು ತೆತ್ರಿ ಹಾಕಿದರೆ ಏರುತ್ತದೆ.
ಇಳಿಯುವುದು ಪುಕ್ಕಟೆ;
ಇಳಿಯುವವರ ಹತ್ತಿರ ಯಾರು ತಾನೇ ದುಡ್ಡು ಕೇಳಿಯಾರು?

ಆ ಬಾಯಿಯ ಹಿಂದಿನ ಹಲಗೆ ಈಗ ನನ್ನ ಮುಂದಿದೆ,
ಮೆಟ್ಟಿಲ ಮೇಲೆ, ಹಳೆಯ ಪತ್ರಿಕೆಯ ಹಾಸಿನಲ್ಲಿ.
ಮೂಲೆಯಲ್ಲೊಂದು ಬ್ಯಾಟರಿ, ಕೋಟಿನ ಗುಂಡಿಯಷ್ಟು.
ಕರೆಂಟು ಹೋದರೂ ಲೆಕ್ಕ ಮರೆಯದಿರಲೆಂದು ಕೂರಿಸಿದ್ದು.
ನೆನಪು ಕಾಯಲೆಂದು ಇಟ್ಟದ್ದೇ
ಸೋರಿ ಸೋರಿ ಹಲಗೆಯನ್ನು ತಿಂದಿದೆ.
ಹಸಿರಿನ ಮೇಲೆ ಇನ್ನೊಂದು ಹಸಿರು,
ಪ್ಲಮ್ಮು ಕುದಿಸಿದ ತಾಮ್ರದ ಬಾಣಲೆಯನ್ನು
ತೊಳೆಯದೆ ಬಿಟ್ಟರೆ ಬರುವಂಥದು.

"ಐದು ತಿಂಗಳು! ಒಂದು ತೆತ್ರಿ ಇಲ್ಲ!" ಎನ್ನುತ್ತಾನೆ ಜುಂಬೆರ್,
ಡಬ್ಬಿಯ ಬೀಗದ ಕೈ ಸೊಂಟದಲ್ಲಿ ಕುಣಿಸುತ್ತ.
ಯಾವ ಗುಂಡಿ ಒತ್ತಿದರೂ ಲಿಫ್ಟು
ದುಡ್ಡು ಕೇಳದೆ ಆರಕ್ಕೆ ಹೋಗಿ ನಿಲ್ಲುತ್ತಿತ್ತಂತೆ.
ಒಂಬತ್ತರವರು ಮೂರು ಹತ್ತಿದರು, ನಾಲ್ಕರವರು ಎರಡು ಇಳಿದರು.
ಎಲ್ಲರೂ ಬೈದರು. ಬೈಯಲು ನಿಂತರು.

ವಿನೆಗರ್ ತರಲು ಮರೆತಿದ್ದೆ.
ಆರನೆಯ ಮಹಡಿಯ ಲಾಮಾರಾ ಬಾಟಲಿ ಹಿಡಿದು ಇಳಿದು ಬಂದಳು:
"ನನ್ನ ತಮ್ಮ ಮಾಡಿದ ವೈನು. ಕುಡಿಯಲು ಬಾರದು, ತಗೋ."
ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು. ಬೇಕಾದದ್ದು ಇದೇ.
ಹಲ್ಲುಜ್ಜುವ ಬ್ರಷ್ಷಿನಿಂದ ಸವರಿದೆ,
ಸಣ್ಣಗೆ ನೊರೆಯೆದ್ದಿತು, ಸಿಟ್ಟು ಇಳಿಯುವ ಹಾಗೆ.
ಆಮೇಲೆ ಸ್ಪಿರಿಟ್ಟು. ಆಮೇಲೆ ಬ್ಲೇಡು.
ಕಪ್ಪು ಕೆರೆದಂತೆ ತಾಮ್ರ ಮೈಬಣ್ಣ ತೋರಿತು.

ಮೀಟರಿನ ಒಂದು ಮುಳ್ಳು ಗೆರೆಯ ಈ ತುದಿಗೆ, ಒಂದು ಆ ತುದಿಗೆ.
ಕುಂಯ್ ಎಂದರೆ ಬದುಕಿದೆ.
ಸುಮ್ಮನಿದ್ದರೆ
ಕೂದಲೆಳೆಯ ತಂತಿ, ಒಂದು ಹನಿ ತವರ,
ಉಸಿರು ಬಿಗಿಹಿಡಿದು ಒಂದು ಬೆಸುಗೆ.
ಹನ್ನೊಂದು ಬೆಸುಗೆ ಹಾಕಿದೆ. ಸೊಂಟ ಹಿಡಿಯಿತು.

ಲಾಮಾರಾ ಹೋಗಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಕೂತು ಹೇಳುತ್ತಿದ್ದಳು:
ಮೊದಲು ಒಂದು ಸ್ಟೂಲು ಹೊರಗಿಟ್ಟಳಂತೆ, ಏದುಸಿರಿನವರಿಗೆಂದು.
ಎರಡನೆಯದನ್ನು ಯಾರು ತಂದರೋ.
ಮೀನಿನ ಡಬ್ಬಿ ಬೂದಿ ಬಟ್ಟಲಾಯಿತು, ನರ್ದಿಯ ಮಣೆ ಬಂತು,
ಎಂಟರ ಅವಳಿ ಹುಡುಗಿಯರು ಗೋಡೆಗೊರಗಿ ಲೆಕ್ಕ ಬರೆದರು.
ನೀರಿನ ಕೊಳವೆಯ ಜಗಳದಲ್ಲಿ ಹದಿನೇಳು ವರ್ಷ ಮಾತು ಬಿಟ್ಟಿದ್ದ
ಬಾದ್ರಿ ಮತ್ತು ಗೂರಾಮ್
ಅಲ್ಲೇ ಎದುರುಬದುರಾಗಿ ಮತ್ತೆ ಜಗಳ ಶುರು ಮಾಡಿದರು.
"ಮಾತಂತೂ ಆಡಿದರಲ್ಲ."

ಆಗ ಸಿಕ್ಕಿತು ನನಗೆ, ಭೂತಗನ್ನಡಿಯಡಿಯಲ್ಲಿ:
ಎಂದೂ ಕೂಡಬಾರದ ಎರಡು ಗೆರೆಗಳ ನಡುವೆ
ಉಪ್ಪು ಬೆಳೆದು, ಹರಳುಗಟ್ಟಿ,
ಇರುವೆಯ ಕಾಲಿನಷ್ಟು ಸೇತುವೆ.
ಕಿಲುಬೆಂದರೆ ಕಡಿಯುವುದು ಎಂದುಕೊಂಡಿದ್ದೆ
ಇಷ್ಟು ವರ್ಷ.

ತೋರಿಸಿದೆ. ಕನ್ನಡಕ ಹಾಕಿ ನೋಡಿದಳು ಬಹಳ ಹೊತ್ತು.
"ಇಷ್ಟೇನಾ?" ಎಂದಳು. ಮತ್ತೆ,
"ಅದೊಂದನ್ನು ಹಾಗೇ ಬಿಟ್ಟರೆ?"
ಕೆಳಗೆ ಜುಂಬೆರನ ಬೀಗದ ಕೈ ಸದ್ದು ಮಾಡುತ್ತಿತ್ತು.
ಮುಂಗಡ ತೆಗೆದುಕೊಂಡವಳು ನಾನು.
ಸೂಜಿಯಿಂದ ಕೆರೆದೆ. ಉಗುರಿನ ಸಂದಿಗೆ ಬಂತು, ಚಿಟಿಕೆಯೂ ಇಲ್ಲ.

ಮುಚ್ಚಳ ಬಿಗಿದೆ. ಹತ್ತು ತೆತ್ರಿ ಹಾಕಿದೆ, ನನ್ನದೇ.
ಒಂಬತ್ತು ಒತ್ತಿದೆ.
ನಾಲ್ಕು. ಐದು.
ಬಾಗಿಲ ಸೀಳಿನಲ್ಲಿ ಒಂದು ಪಟ್ಟಿ ಬೆಳಕು, ಸ್ಟೂಲಿನ ಕಾಲು,
ದಾಳ ಉರುಳಿದ ಸದ್ದು,
ಯಾವುದು ಬಿತ್ತೋ ತಿಳಿಯುವ ಮೊದಲೇ ಕೆಳಗೆ ಸರಿಯಿತು.
ಒಂಬತ್ತರಲ್ಲಿ ಬಾಗಿಲು ತೆರೆಯಿತು. ಯಾರೂ ಇಲ್ಲ.
ಕೆಲಸ ಸರಿಯಾಗಿದೆ.

ಇಳಿಯುವುದು ಪುಕ್ಕಟೆ.
ಆರು ಒತ್ತಿದೆ.
ಬಾಟಲಿ ಹಿಂದಿರುಗಿಸುವುದಿತ್ತು.